ಮಾವಶಿಯ ತೋಟದ ತೂಬು

ಮಕ್ಕಳೇ, ನಾನು ನಿಮ್ಮಲ್ಲಿ ಎಲ್ಲರಿಗಿಂತ ಕಿರಿಯವಳಷ್ಟು ಚಿಕ್ಕವಳಿದ್ದಾಗ ನಮ್ಮ ಮನೆ ಒಂದು ಕಾಲುವೆಯ ಏರಿಯ ಮೇಲಿತ್ತು. ಈಗ ನಾವಿರುವ ಪುಣೆಯ ಹಡಪಸರದಿಂದ ಆ ಜಾಗ ಬಹಳ ದೂರವೇನಲ್ಲ. ದಕ್ಷಿಣಕ್ಕೆ, ಗುಡ್ಡಗಳು ಏಳುವ ಕಡೆ ಹೋದರೆ ಸಿಗುತ್ತದೆ. ಒಂದೇ ಕೋಣೆ, ತಗಡಿನ ಸೂರು. ಬಾಗಿಲಿನಿಂದ ಹತ್ತು ಹೆಜ್ಜೆ ಇಟ್ಟರೆ ನೀರು. ಬೆಳಿಗ್ಗೆ ಕಣ್ಣು ಬಿಡುವ ಮೊದಲೇ ಅದರ ಸದ್ದು ಕಿವಿಗೆ ಬೀಳುತ್ತಿತ್ತು. ಆ ಸದ್ದು ಕೇಳಿಯೇ ಇವತ್ತು ನೀರು ತುಂಬಿದೆಯೋ ಇಳಿದಿದೆಯೋ ಎಂದು ಅಪ್ಪ ಮಲಗಿದಲ್ಲಿಂದಲೇ ಹೇಳುತ್ತಿದ್ದ.

ಅಪ್ಪ ಕಲಬುರ್ಗಿ ಕಡೆಯಿಂದ ಕಲ್ಲು ಕೆಲಸಕ್ಕೆ ಬಂದವನು. ಮೇಲೆ ಗುಡ್ಡದಲ್ಲಿ ಒಂದು ಕಣಿವೆಗೆ ಅಡ್ಡಲಾಗಿ ಕಲ್ಲಿನ ಗೋಡೆ ಕಟ್ಟಿ ಜಲಾಶಯ ಮಾಡಿದ್ದರು. ಅಲ್ಲಿಂದ ಹೊಲಗಳಿಗೆ ನೀರು ತರುವ ಕಾಲುವೆಯನ್ನು ತೋಡುವಾಗ ಅಪ್ಪ ಗಾರೆ ಕೆಲಸ ಮಾಡಿದ. ಕೆಲಸ ಮುಗಿದ ಮೇಲೆ ಜೊತೆಗೆ ಬಂದವರೆಲ್ಲ ಊರಿಗೆ ಹಿಂದಿರುಗಿದರು. ಅಪ್ಪನಿಗೆ ಮಾತ್ರ ಆ ಕಾಲುವೆಯನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿತು. ಮರಾಠಿಯಲ್ಲಿ ಕಾಲುವೆಗೆ ಪಾಟ ಎನ್ನುತ್ತಾರೆ. ಅದನ್ನು ಕಾಯುವವನು ಪಾಟಕರಿ. ಊರಿಗೆಲ್ಲ ಅಪ್ಪ ಪಾಟಕರಿಯೇ ಆಗಿಬಿಟ್ಟ.

ಮಳೆಗಾಲದಲ್ಲಿ ಗುಡ್ಡದ ಹಳ್ಳಗಳೆಲ್ಲ ಜಲಾಶಯಕ್ಕೆ ಬಂದು ಸೇರುತ್ತಿದ್ದವು. ದೀಪಾವಳಿ ಕಳೆದ ಮೇಲೆ ಜಲಾಶಯದ ಬಾಗಿಲು ಎತ್ತಿದರೆ ನೀರು ಕಾಲುವೆಗೆ ಇಳಿದು, ಗುಡ್ಡದ ಸೊಂಟವನ್ನು ಬಳಸಿಕೊಂಡು ನಿಧಾನವಾಗಿ ಬರುತ್ತಿತ್ತು. ಎಷ್ಟು ನಿಧಾನವೆಂದರೆ, ಬೇವಿನ ಎಲೆಯೊಂದನ್ನು ತೇಲಿಬಿಟ್ಟು ಅದರ ಜೊತೆ ನಡೆದರೆ ನಾನೇ ಮುಂದೆ ಹೋಗಿಬಿಡುತ್ತಿದ್ದೆ. ಹಳ್ಳ ಅಡ್ಡ ಬಂದಲ್ಲಿ ಕಲ್ಲಿನ ಸೇತುವೆ ಕಟ್ಟಿದ್ದರು. ಅದರ ಮೇಲೆ ಮನುಷ್ಯರಲ್ಲ, ನೀರು ದಾಟುತ್ತಿತ್ತು! ಇಳಿಜಾರಿನ ಬದಿಯಲ್ಲಿ ಅಲ್ಲಲ್ಲಿ ತೂಬುಗಳಿದ್ದವು. ತೂಬು ಎಂದರೆ ಏರಿಯಲ್ಲಿ ಒಂದು ಕಂಡಿ, ಅದನ್ನು ಮುಚ್ಚಲು ಒಂದು ಕಬ್ಬಿಣದ ಹಲಗೆ. ಹಲಗೆಯನ್ನು ಎತ್ತಲು ತಿರುಪು ಇರುತ್ತಿತ್ತು. ಆ ತಿರುಪನ್ನು ತಿರುಗಿಸುವ ಉದ್ದ ಹಿಡಿಕೆಗೆ ಎಲ್ಲರೂ ಚಾವಿ ಎನ್ನುತ್ತಿದ್ದರು. ಅದು ನಮ್ಮ ಮನೆಯ ಹೊರಗೋಡೆಯಲ್ಲಿ ಮೊಳೆಗೆ ತೂಗುತ್ತಿತ್ತು. ಯಾವ ಹೊಲಕ್ಕೆ ಯಾವ ವಾರ, ಎಷ್ಟು ಹೊತ್ತು ನೀರು ಎಂಬುದಕ್ಕೆ ಪಾಳಿ ಇತ್ತು. ಅಪ್ಪ ಪಾಳಿ ತಪ್ಪಿಸಿದ್ದನ್ನು ನಾನು ಕಂಡಿಲ್ಲ. ಅವನ ಕೈಯಲ್ಲಿ ಗಡಿಯಾರವಿರಲಿಲ್ಲ. ಏರಿಯ ಮೇಲೆ ಬಿದ್ದ ತನ್ನ ನೆರಳನ್ನು ಅಳೆದು ತೂಬು ಮುಚ್ಚುತ್ತಿದ್ದ. ಯಾರೂ ಅದಕ್ಕೆ ಎದುರು ಹೇಳುತ್ತಿರಲಿಲ್ಲ.

ನಮ್ಮ ಮನೆಯ ಕೆಳಗೇ, ಕಾಲುವೆಯ ಕೊನೆಯ ತೂಬಿನ ಬಳಿ, ಒಂದು ಅಂಜೂರದ ತೋಟ. ಅದು ಮಾವಶಿಯದು. ಮಾವಶಿ ಎಂದರೆ ಮರಾಠಿಯಲ್ಲಿ ಚಿಕ್ಕಮ್ಮ, ಆದರೆ ಅವಳು ನಮ್ಮ ರಕ್ತ ಸಂಬಂಧಿಯಲ್ಲ, ನಮ್ಮ ಭಾಷೆಯವಳೂ ಅಲ್ಲ. ಅವ್ವ ನನ್ನನ್ನು ಹೆತ್ತ ಮೂರನೇ ದಿನ ತೀರಿಕೊಂಡಳು. ಅದೇ ವಾರ ಮಾವಶಿಯ ಎಳೆಗೂಸು ಜ್ವರ ಬಂದು ತೀರಿಹೋಗಿತ್ತು. ಅಪ್ಪ ನನ್ನನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಏರಿಯ ಮೇಲೆ ಏನೂ ತೋಚದೆ ನಿಂತಿದ್ದನಂತೆ. ಮಾವಶಿ ತೋಟದಿಂದ ಎದ್ದು ಬಂದು ನನ್ನನ್ನು ಇಸಿದುಕೊಂಡು ಹೋಗಿ ಹಾಲು ಕೊಟ್ಟಳಂತೆ. ಇದನ್ನು ಅಕ್ಕ ನನಗೆ ಹೇಳಿದ್ದು. ಆಗ ಅಕ್ಕನಿಗೆ ಐದು ವರ್ಷ. ಅವಳೂ ಹಿಂದೆಯೇ ಓಡಿಹೋಗಿ ಮಾವಶಿಯ ಸೆರಗು ಹಿಡಿದು ಕೂತಿದ್ದಳಂತೆ.

ಮಾವಶಿಯ ಗಂಡ ನನಗೆ ನೆನಪಿಲ್ಲದಷ್ಟು ಮೊದಲೇ ತೀರಿಕೊಂಡಿದ್ದ. ಅವನು ನೆಟ್ಟ ನಲವತ್ತು ಗಿಡಗಳನ್ನು ಮಾವಶಿ ಒಬ್ಬಳೇ ಸಾಕಿದ್ದಳು. ಅಂಜೂರದ ಎಲೆ ಮುಟ್ಟಿ ನೋಡಿದ್ದೀರಾ? ಬೆಕ್ಕಿನ ನಾಲಿಗೆಯಂತೆ ಒರಟು. ಕಾಯಿ ಕಿತ್ತರೆ ತೊಟ್ಟಿನಿಂದ ಹಾಲು ಬರುತ್ತದೆ, ಕೈಗೆ ಹತ್ತಿದರೆ ತುರಿಕೆ. ನಮ್ಮ ತುರಿಸುವ ಕೈಗಳಿಗೆ ಮಾವಶಿ ಮಜ್ಜಿಗೆ ಸವರಿ ಬಯ್ಯುತ್ತಿದ್ದಳು. ಬಯ್ಯುತ್ತಲೇ ಒಂದು ಹಣ್ಣನ್ನು ಎರಡು ಹೋಳು ಮಾಡಿ ಅಕ್ಕನ ಬಾಯಿಗೊಂದು, ನನ್ನ ಬಾಯಿಗೊಂದು ಇಡುತ್ತಿದ್ದಳು. ಬಿಸಿಲಿನಲ್ಲಿ ಕಾದ ಹಣ್ಣು ಒಳಗೆ ಜೇನಿನಂತೆ ಬೆಚ್ಚಗಿರುತ್ತಿತ್ತು.

ನನಗೆ ಎಂಟು ವರ್ಷವಾದ ಆ ವರ್ಷ ಮಳೆ ಬೇಗ ನಿಂತಿತು. ಹೋಳಿ ಹುಣ್ಣಿಮೆಯ ಹೊತ್ತಿಗೆ ಜಲಾಶಯದ ನೀರು ಎಷ್ಟೋ ಕೆಳಗಿಳಿದಿತ್ತು. ಇತ್ತ ಪುಣೆ ಬೆಳೆಯುತ್ತಿತ್ತು. ಆ ನಗರಕ್ಕೆ ಕುಡಿಯುವ ನೀರು ಎಳೆದುಕೊಳ್ಳಲು ನಮ್ಮ ಕಾಲುವೆಯ ತುದಿಯಲ್ಲಿ ಪಂಪಿನ ಮನೆ ಕಟ್ಟಿದ್ದರು. ಇರುವ ನೀರು ಮೊದಲು ನಗರಕ್ಕೆ, ಮಳೆ ಬರುವವರೆಗೆ ಹೊಲದ ತೂಬುಗಳನ್ನೆಲ್ಲ ಮುಚ್ಚಬೇಕು ಎಂದು ನೀರಾವರಿ ಕಚೇರಿಯಿಂದ ಆಜ್ಞೆ ಬಂತು. ಉಳಿದವರ ಗೋಧಿ, ಕಡಲೆ ಆಗಲೇ ಮನೆ ಸೇರಿದ್ದವು. ಮಾವಶಿಯ ಅಂಜೂರ ಮಾತ್ರ ಆಗಷ್ಟೇ ಕಾಯಿ ತುಂಬಿಕೊಳ್ಳುತ್ತಿತ್ತು.

ಅಪ್ಪ ತೂಬು ಮುಚ್ಚಿ ಮಾವಶಿಯ ಅಂಗಳಕ್ಕೆ ಬಂದು ತಲೆ ತಗ್ಗಿಸಿ ನಿಂತ. ಅವಳನ್ನು ಅವನು ಬಾಯಿ ಎಂದು ಕರೆಯುತ್ತಿದ್ದ, ಮರಾಠಿಯಲ್ಲಿ ಹೆಂಗಸರನ್ನು ಹಾಗೆ ಕರೆಯುವುದು ಮರ್ಯಾದೆ. ಅವರಿಬ್ಬರ ಮಾತು ಯಾವಾಗಲೂ ಅರ್ಧ ಮರಾಠಿ, ಅರ್ಧ ಕನ್ನಡ. ನಾನು ಈಗ ನಮ್ಮ ಮಾತಿನಲ್ಲೇ ಹೇಳುತ್ತೇನೆ.

"ಬಾಯೀ, ತೂಬು ಮುಚ್ಚೀನಿ. ಆದ್ರ ಕೊಡದಾಗ ತುಂಬ್ಕೊಂಡು ಒಯ್ಯಬ್ಯಾಡ ಅಂತ ನನಗ ಯಾರೂ ಹೇಳಿಲ್ಲ," ಎಂದ ಅಪ್ಪ.

ಅಂದಿನಿಂದ ನಾವು ಕೊಡ ಹೊತ್ತೆವು. ಮಾವಶಿ, ಅಕ್ಕ, ನಾನು. ಸಂಜೆ ಕೆಲಸ ಮುಗಿಸಿ ಅಪ್ಪನೂ. ನಾನು ಹೊತ್ತದ್ದು ಸಣ್ಣ ತಂಬಿಗೆ. ಅರ್ಧ ದಾರಿಯಲ್ಲೇ ಚೆಲ್ಲಿಬಿಡುತ್ತಿದ್ದೆ. ನಲವತ್ತು ಗಿಡಗಳ ಬುಡಕ್ಕೆ ಕೊಡದ ನೀರು ಎಲ್ಲಿ ಸಾಲುತ್ತದೆ? ಸುರಿದ ಕೂಡಲೇ ನೆಲ ಚುಂಯ್ ಎಂದು ಕುಡಿದು ಮತ್ತೆ ಬೆಳ್ಳಗಾಗುತ್ತಿತ್ತು. ಮೂರು ವಾರ ಹೊತ್ತೆವು. ಅಕ್ಕನ ನೆತ್ತಿಯಲ್ಲಿ ಸಿಂಬೆಯ ಗುರುತು ಮೂಡಿತು. ಎಲೆಗಳು ಅಂಚಿನಿಂದ ಒಳಗೆ ಸುರುಳಿ ಸುತ್ತತೊಡಗಿದವು. ಪಕ್ಕದಲ್ಲಿ ಮಾತ್ರ, ಏರಿಯ ಆಚೆ, ಕಾಲುವೆ ತುಂಬಿಕೊಂಡು ತಣ್ಣಗೆ ಹರಿದು ಹೋಗುತ್ತಿತ್ತು.

ಆ ದಿನ ಬೆಳಿಗ್ಗೆ ಅಪ್ಪ ನೀರಿನ ಮಟ್ಟ ನೋಡಲು ಜಲಾಶಯಕ್ಕೆ ಹೋಗಿದ್ದ. ನಡು ಮಧ್ಯಾಹ್ನ, ಕಾಗೆ ಕೂಡ ಬಾಯಿ ತೆರೆದು ಕೂರುವ ಬಿಸಿಲು. ನಾನೂ ಅಕ್ಕನೂ ತೋಟದ ಅಂಚಿನಲ್ಲಿ ಕೂತಿದ್ದೆವು. ಟಪ್ ಎಂದು ಒಂದು ಕಾಯಿ ಉದುರಿತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಹಸಿರು ಕಾಯಿಗಳು, ಹಣ್ಣಾಗಲು ಇನ್ನೂ ಹದಿನೈದು ದಿನ ಬೇಕಾದವು. ಗುಡಿಸಲಿನ ನೆರಳಿನಲ್ಲಿ ಮಾವಶಿ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದಳು. ಪ್ರತಿ ಸಲ ಕಾಯಿ ಬಿದ್ದಾಗಲೂ ಅವಳ ರೆಪ್ಪೆ ಅದುರುತ್ತಿತ್ತು. ಅವಳು ನಿದ್ದೆ ಮಾಡಿರಲಿಲ್ಲ.

"ಅಕ್ಕಾ, ತೂಬು ತೆಗಿಯೂಣು," ಎಂದೆ ನಾನು. "ಒಂದ ಸ್ವಲ್ಪ ಹೊತ್ತು. ಅಪ್ಪ ಬರೂದ್ರಾಗ ಮುಚ್ಚೂಣು."

ಹೌದು, ಮೊದಲು ಹೇಳಿದವಳು ನಾನೇ.

ಅಕ್ಕ ನನ್ನನ್ನೇ ನೋಡಿದಳು. ಎದ್ದು ಮನೆಗೆ ಹೋಗಿ ಮೊಳೆಯಿಂದ ಚಾವಿ ತಂದಳು. ಕಬ್ಬಿಣ ಕಾದು ಕೆಂಡವಾಗಿತ್ತು. ಲಂಗದ ಅಂಚು ಸುತ್ತಿ ಹಿಡಿದುಕೊಂಡೆವು. ನಾಲ್ಕು ಕೈ ಸೇರಿದರೂ ತಿರುಪು ಅಲುಗಲಿಲ್ಲ. ಅಕ್ಕ ಏರಿಯ ಮೇಲೆ ಕಾಲು ಕೊಟ್ಟು ಇಡೀ ಮೈ ಹಾಕಿದಳು. ಕಿರ್ರೆಂದು ಒಂದು ಸುತ್ತು ಬಂತು. ಆಮೇಲೆ ಇನ್ನೊಂದು. ಹಲಗೆ ಎದ್ದಿತು.

ತೋಟದ ಒಣಗಿದ ಮರಿಗಾಲುವೆಗೆ ನೀರು ಬರುವುದನ್ನು ನೀವು ನೋಡಬೇಕಿತ್ತು. ಅದು ಒಮ್ಮೆಲೇ ಬರುವುದಿಲ್ಲ. ಮುಂದೆ ಒಂದು ಕಂದು ನೊರೆ, ಆ ನೊರೆಯಲ್ಲಿ ತರಗೆಲೆ, ಕಡ್ಡಿ, ದಿಕ್ಕು ತಪ್ಪಿದ ಇರುವೆಗಳು. ಬಿರುಕು ಬಂದಲ್ಲಿ ನಿಂತು, ಬಿರುಕು ತುಂಬಿಸಿ, ಮತ್ತೆ ಮುಂದೆ ಹೊರಡುತ್ತದೆ. ಧೂಳಿನ ಮೊದಲ ವಾಸನೆ ಏಳುತ್ತದೆ. ಎಲ್ಲಿದ್ದವೋ, ಗೊರವಂಕಗಳು ಹಿಂಡು ಹಿಂಡಾಗಿ ಬಂದು ಇಳಿದವು.

ಮಾವಶಿ ಸದ್ದು ಕೇಳಿ ಎದ್ದು ಓಡಿ ಬಂದಳು. ಅವಳು ಓಡಿದ್ದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ. ಮರಿಗಾಲುವೆಯಲ್ಲೇ ಕುಕ್ಕರಿಸಿ ಎರಡೂ ಕೈಯಿಂದ ನೀರು ಮೊಗೆದು ಮುಖಕ್ಕೆ ಎರಚಿಕೊಂಡಳು. ನಕ್ಕಳು. ಗುದ್ದಲಿ ತಂದು ಮೊದಲ ಗಿಡದ ಪಾತಿ ಒಡೆದಳು, ಎರಡನೆಯದು, ಮೂರನೆಯದು. ಗಿಡಗಳ ಜೊತೆ ಮಾತಾಡುತ್ತಿದ್ದಳು. "ಕುಡೀರಿ, ನಿಧಾನ ಕುಡೀರಿ, ಎಲ್ಲಾರಿಗೂ ಬರ್ತದ," ಎನ್ನುತ್ತಿದ್ದಳು. ನಾಲ್ಕನೇ ಗಿಡದ ಬಳಿ ಸೊಂಟ ನೆಟ್ಟಗೆ ಮಾಡಿ ಏರಿಯ ಕಡೆ ತಿರುಗಿದಳು.

"ಏನ್ ಪೋರೀ, ಪಾಳಿ ಬಂತೇನು? ನಿಮ್ಮಪ್ಪ ಎಲ್ಲಿ?"

ಅಕ್ಕ ಏರಿಯ ಮೇಲೆ ನಿಂತಿದ್ದಳು. ಚಾವಿ ಅವಳ ಕೈಯಲ್ಲಿತ್ತು.

ಮಾವಶಿಯ ಮುಖದ ನಗು ಹೇಗೆ ಹೋಯಿತು ಎಂಬುದನ್ನು ಹೇಳಲು ನನಗೆ ಇವತ್ತಿಗೂ ಆಗುವುದಿಲ್ಲ. ಅವಳು ಒಂದು ಕ್ಷಣ ಗಿಡಗಳನ್ನು ನೋಡಿದಳು. ಐದನೇ ಗಿಡದ ಪಾತಿಗೆ ನೀರು ಇನ್ನೇನು ತಲುಪಬೇಕಿತ್ತು. ಗುದ್ದಲಿ ಎತ್ತಿ ಒಂದು ದೊಡ್ಡ ಹೆಂಟೆ ಮಣ್ಣು ಎಳೆದು ಮರಿಗಾಲುವೆಗೆ ಅಡ್ಡ ಹಾಕಿದಳು. ಇನ್ನೊಂದು ಹಾಕಿದಳು. ಸೆರಗು ಸಿಕ್ಕಿಸಿಕೊಂಡು ಏರಿ ಹತ್ತಿದಳು.

"ಪೋರೀ, ಪಾಣಿ ಬಂದ್ ಕರ! ನೀರು ಬಂದ್ ಮಾಡು!"

"ನಿನ್ನ ಗಿಡ ಸಾಯ್ತಾವ, ಮಾವಶಿ," ಎಂದು ಅಕ್ಕ ಅಳತೊಡಗಿದಳು.

"ಗಿಡ ಸತ್ರ ಗಿಡ ಸಾಯ್ತಾವ. ನಿಮ್ಮಪ್ಪನ ಕೆಲಸ ಹೋದ್ರ ನೀವು ಮೂರು ಮಂದಿ ಎಲ್ಲಿ ಹೋಗ್ತೀರಿ? ಕೊಡು ಇಲ್ಲಿ."

ಚಾವಿಯನ್ನು ಕಸಿದುಕೊಂಡು ತಾನೇ ತಿರುಪು ಹಾಕಿದಳು. ಹಲಗೆ ಕೆಳಗಿಳಿಯಿತು. ನೀರಿನ ಸದ್ದು ನಿಂತಿತು. ಅವಳು ಇನ್ನೂ ಬಗ್ಗಿಕೊಂಡೇ ಇದ್ದಳು, ಆಗಲೇ ಏರಿಯ ತಿರುವಿನಲ್ಲಿ ಸೈಕಲ್ಲಿನ ಗಂಟೆ ಕೇಳಿಸಿತು. ಕಚೇರಿಯ ಸಾಹೇಬರು. ಅವರ ಹಿಂದೆ ಅಪ್ಪ ನಡೆದು ಬರುತ್ತಿದ್ದ.

ಸಾಹೇಬರು ಕೆಟ್ಟವರಾಗಿರಲಿಲ್ಲ. ತೆಳ್ಳಗಿನ, ದಣಿದ ಮನುಷ್ಯ. ಬಂದಾಗಲೆಲ್ಲ ನನ್ನ ಕೈಗೆ ಪೆಪ್ಪರಮಿಂಟು ಕೊಡುತ್ತಿದ್ದರು. ಅವರು ಸೈಕಲ್ ನಿಲ್ಲಿಸಿ ತೂಬು ನೋಡಿದರು. ಕೆಳಗಿನ ಹಸಿ ಮಣ್ಣು, ನಾಲ್ಕು ಪಾತಿಗಳಲ್ಲಿ ನಿಂತು ಹೊಳೆಯುತ್ತಿದ್ದ ನೀರು, ಎಲ್ಲ ನೋಡಿದರು.

"ಯಾರು ತೆಗೆದದ್ದು?" ಎಂದು ಮರಾಠಿಯಲ್ಲಿ ಕೇಳಿದರು.

ನಾನು ಬಾಯಿ ತೆರೆದೆ. ಅಕ್ಕನೂ ತೆರೆದಳೋ ಏನೋ. ಅಷ್ಟರಲ್ಲಿ ಮಾವಶಿ ನಮ್ಮಿಬ್ಬರ ಮುಂದೆ ಬಂದು ನಿಂತಳು.

"ನಾನೇ ತೆಗದೀನಿ. ಪಾಟಕರಿ ಇರಲಿಲ್ಲ. ಈ ಹುಡುಗೇರು ಮಲಗಿದ್ರು. ಮೊಳಿಗೆ ಇದ್ದ ಚಾವಿ ಕದ್ಕೊಂಡು ಬಂದೆ."

ಅವಳ ಬೆನ್ನಿನ ಹಿಂದೆ ನಿಂತ ನನಗೆ ಅವಳ ಒದ್ದೆ ಸೀರೆ ಮಾತ್ರ ಕಾಣುತ್ತಿತ್ತು. ಸುಳ್ಳು ಎಂದು ನಾನು ಕೂಗಬಹುದಿತ್ತು. ಒಂದೇ ಮಾತು. ನನಗೆ ಹೆದರಿಕೆಯಾಯಿತು. ನಾನು ಸುಮ್ಮನಿದ್ದೆ.

ಸಾಹೇಬರು ಮತ್ತೊಮ್ಮೆ ಪಾತಿಗಳ ಕಡೆ ನೋಡಿದರು. ನಗರದ ನೀರು ಕದ್ದವರ ತೂಬನ್ನು ಶಾಶ್ವತವಾಗಿ ಕಟ್ಟಿಬಿಡಬೇಕೆಂದು ಮೇಲಿನವರ ಕಟ್ಟುನಿಟ್ಟು ಇದೆ, ನೋಡಿಯೂ ಬಿಟ್ಟರೆ ತಾವೇ ಉತ್ತರ ಕೊಡಬೇಕಾಗುತ್ತದೆ ಎಂದರು. ಅಪ್ಪನ ಕಡೆ ತಿರುಗಿ, "ನೀನು ಗಾರೆ ಕೆಲಸದವನಲ್ಲವೇ, ಈಗಲೇ ಕಟ್ಟು," ಎಂದರು.

ಅಪ್ಪ ಅಕ್ಕನ ಮುಖ ನೋಡಿದ. ಅವಳ ಲಂಗದ ಅಂಚಿಗೆ ಚಾವಿಯ ತುಕ್ಕು ಹತ್ತಿತ್ತು. ಅವನಿಗೆ ಎಲ್ಲ ಗೊತ್ತಾಯಿತು. "ಸಾಹೇಬ್ರ..." ಎಂದು ಬಾಯಿ ತೆಗೆದ. ಮಾವಶಿ ಅವನನ್ನು ಒಮ್ಮೆ ನೋಡಿದಳು, ಅಷ್ಟೇ. ಅಪ್ಪ ತಿರುಗಿ ಮನೆಯ ಕಡೆ ನಡೆದ.

ಸೇತುವೆಯ ದುರಸ್ತಿಗೆ ತಂದ ಕಲ್ಲು, ಸಿಮೆಂಟು ಮನೆಯ ಹಿಂದೆ ಇದ್ದವು. ಅಪ್ಪ ಹೊತ್ತು ತಂದ. ಆ ತೂಬನ್ನು ಕಾಲುವೆ ತೋಡುವಾಗ ಕಟ್ಟಿದವನು ಅವನೇ. ಈಗ ಅದೇ ಕಂಡಿಯಲ್ಲಿ ಕಲ್ಲಿನ ಮೇಲೆ ಕಲ್ಲು ಇಟ್ಟ. ಮಾವಶಿ ತನ್ನ ಕೊಡದಲ್ಲಿ ನೀರು ತಂದು ಸಿಮೆಂಟಿಗೆ ಹಾಕಿದಳು. ಅವಳೇ ಹಾಕಿದಳು, ಮಕ್ಕಳೇ. ಬಿಸಿಲು ಇಳಿಯುವ ಹೊತ್ತಿಗೆ ಕೆಲಸ ಮುಗಿಯಿತು. ಅಪ್ಪನ ಗಾರೆ ಎಂದೂ ಸೋರುತ್ತಿರಲಿಲ್ಲ. ಅದೂ ಸೋರಲಿಲ್ಲ.

ಸಾಹೇಬರು ಸೈಕಲ್ ಹತ್ತಿ ಹೋದರು. ಆ ದಿನ ಅವರು ನನಗೆ ಪೆಪ್ಪರಮಿಂಟು ಕೊಡಲಿಲ್ಲ, ನನ್ನ ಕಡೆ ನೋಡಲೂ ಇಲ್ಲ.

"ಬಾಯೀ, ನಾ ಓಡಿ ಹೋಗಿ ಖರೇ ಹೇಳ್ತೀನಿ," ಎಂದ ಅಪ್ಪ. "ಇನ್ನೂ ದೂರ ಹೋಗಿಲ್ಲ ಅವ್ರು."

"ಹೇಳಿದ್ರ ಏನಾಗ್ತದ? ತೂಬೂ ಹೋಗ್ತದ, ನಿನ್ನ ಕೆಲಸಾನೂ ಹೋಗ್ತದ," ಎಂದಳು ಮಾವಶಿ. ನನ್ನನ್ನು ಹತ್ತಿರ ಎಳೆದುಕೊಂಡಳು. "ಈಕಿ ನನ್ನ ಹಾಲು ಕುಡದಾಕಿ. ನನ್ನ ಗಿಡದ ಸಲುವಾಗಿ ಈಕಿ ಹೊಟ್ಟಿ ಒಣಗಸ್ಲೇನು? ಹೋಗು, ಕೈ ತೊಳ್ಕೋ. ಸಿಮೆಂಟು ಚರ್ಮ ತಿಂತದ."

ಅಪ್ಪ ಏರಿಯ ಮೇಲೆ ಕೂತು ಚಿಕ್ಕ ಮಕ್ಕಳ ಹಾಗೆ ಅತ್ತ. ಅವ್ವ ಸತ್ತಾಗ ಅತ್ತಿದ್ದನೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ಕಂಡದ್ದು ಅದೊಂದೇ ಸಲ.

ನೀರು ಕುಡಿದ ಆ ನಾಲ್ಕು ಗಿಡಗಳಲ್ಲಿ ಹಣ್ಣು ಮಾಗಿತು. ಮಾವಶಿ ಅಷ್ಟನ್ನೂ ಬುಟ್ಟಿಯಲ್ಲಿ ಎಲೆ ಹಾಸಿ ತಂದು ನಮ್ಮ ಮನೆಯಲ್ಲಿಟ್ಟಳು. ಅಪ್ಪ ಮುಟ್ಟಲಿಲ್ಲ. ಅಕ್ಕ ಗೋಡೆಯ ಕಡೆ ತಿರುಗಿ ಕೂತಳು. ನನಗೆ ಮಾವಶಿ ತಾನೇ ಬಿಡಿಸಿ ತಿನ್ನಿಸಿದಳು. ನಾನು ತಿಂದೆ. ಸಿಹಿಯಾಗಿತ್ತು. ಎಂಟು ವರ್ಷದ ನಾಲಿಗೆಗೆ ನಾಚಿಕೆ ಇರುವುದಿಲ್ಲ.

ಉಳಿದ ಮೂವತ್ತಾರು ಗಿಡಗಳು ಒಂದೊಂದಾಗಿ ಬೋಳಾದವು. ಮೃಗಶಿರಾ ಬಂದರೂ ಮಳೆ ಬರಲಿಲ್ಲ. ಬಂದರೂ ಅವಳ ತೂಬು ಇನ್ನು ತೆರೆಯುವಂತಿರಲಿಲ್ಲ. ಮಾವಶಿ ಕೊಡಲಿ ತೆಗೆದುಕೊಂಡು ಗಿಡಗಳನ್ನು ಸೊಂಟದೆತ್ತರಕ್ಕೆ ಕಡಿದು ಸೌದೆ ಮಾರಿದಳು. ಒಂದು ದಿನ ನಾವು ಶಾಲೆಯಿಂದ ಬಂದಾಗ ಅವಳ ಗುಡಿಸಲಿಗೆ ಚಿಲಕ ಹಾಕಿತ್ತು. ನಮ್ಮ ಹೊಸ್ತಿಲ ಮೇಲೆ ಜೋಳದ ರೊಟ್ಟಿಯ ಗಂಟು ಇತ್ತು. ತಮ್ಮನ ಊರಿಗೆ ಹೋದಳು ಎಂದು ದಾರಿಯಲ್ಲಿ ಹೋಗುತ್ತಿದ್ದ ಯಾರೋ ಹೇಳಿದರು. ಆ ತಮ್ಮನ ಊರು ಯಾವುದು ಎಂದು ಅವರಿಗೂ ಗೊತ್ತಿರಲಿಲ್ಲ.

ಆಷಾಢದಲ್ಲಿ ಮಳೆ ಬಂತು. ಸುರಿದೂ ಸುರಿದೂ ಜಲಾಶಯ ತುಂಬಿ ಹರಿಯಿತು. ಚಳಿಗಾಲಕ್ಕೆ ತೂಬುಗಳನ್ನು ತೆಗೆಯಲು ಕಚೇರಿಯವರು ಹೇಳಿದರು. ಅಪ್ಪ ಹಾರೆ ತೆಗೆದುಕೊಂಡು ಹೋಗಿ, ಯಾರನ್ನೂ ಕೇಳದೆ, ಮಾವಶಿಯ ತೂಬಿನ ಕಲ್ಲುಗಳನ್ನು ಒಡೆದು ತೆಗೆದ. ತಾನೇ ಗಟ್ಟಿಯಾಗಿ ಕಟ್ಟಿದ್ದರಿಂದ ಅರ್ಧ ದಿನ ಹಿಡಿಯಿತು. ಮಾವಶಿಯ ಪಾಳಿ ಬಂದಾಗ ಹಲಗೆ ಎತ್ತಿ, ಅವಳ ಹೊತ್ತು ಮುಗಿಯುವವರೆಗೆ ಏರಿಯ ಮೇಲೆ ನಿಂತ. ಖಾಲಿ ತೋಟದಲ್ಲಿ ನೀರು ತನ್ನಷ್ಟಕ್ಕೆ ತಿರುಗಾಡಿತು. ಎರಡು ವರ್ಷ ಪ್ರತಿ ಪಾಳಿಗೂ ಹಾಗೆ ಮಾಡಿದ. ಕಡಿದ ಬೊಡ್ಡೆಗಳಲ್ಲಿ ಚಿಗುರು ಬಂತು. ಅಪ್ಪ ಆ ಚಿಗುರುಗಳನ್ನು ತೋರಿಸಿ, "ಬರ್ತಾಳ ನೋಡು, ಇದನ್ನ ಕೇಳಿದ್ರ ಬರ್ತಾಳ," ಎನ್ನುತ್ತಿದ್ದ. ಬಿಡುವಾದಾಗಲೆಲ್ಲ ಎಸ್‌ಟಿ ಬಸ್ಸು ಹತ್ತಿ ಒಂದೊಂದು ಊರಿಗೆ ಹೋಗಿ ಕೇಳಿ ಬರುತ್ತಿದ್ದ. ಅವಳು ಸಿಗಲಿಲ್ಲ. ಆಮೇಲೆ ಆ ತೋಟ ಬೇರೆಯವರ ಪಾಲಾಯಿತು. ಅಪ್ಪ ಕಾಲುವೆಯ ಕೆಲಸ ತಾನಾಗಿಯೇ ಬಿಟ್ಟು ಭೋಸರಿಯ ಕಾರ್ಖಾನೆಗಳ ಕಟ್ಟಡ ಕೆಲಸಕ್ಕೆ ಸೇರಿದ.

ಅಕ್ಕ ಮತ್ತು ನಾನು ಆ ದಿನದ ಮಾತು ಐವತ್ತು ವರ್ಷ ಎತ್ತಲಿಲ್ಲ. ಅವಳು ತೀರಿಕೊಳ್ಳುವ ಹಿಂದಿನ ಬೇಸಿಗೆಯಲ್ಲಿ, ಭೋಸರಿಯ ಅವಳ ಮನೆಯಲ್ಲಿ ಪಾತ್ರೆ ತೊಳೆಯುತ್ತಾ ಒಮ್ಮೆಲೇ ಕೈ ನಿಲ್ಲಿಸಿ, "ಅವತ್ತ ನಾ ಹೇಳಬೇಕಾಗಿತ್ತು," ಎಂದಳು. "ನಾನೂ," ಎಂದೆ. ಇಬ್ಬರೂ ಪಾತ್ರೆ ತೊಳೆದೆವು.

ನಿಮ್ಮ ಅಪ್ಪ ಇನ್ನೂ ಕೂಸಾಗಿದ್ದಾಗ ಅವನನ್ನು ಎತ್ತಿಕೊಂಡು ನಾನು ಒಂದು ಸಲ ಆ ಕಡೆ ಹೋಗಿದ್ದೆ. ತೋಟವಿದ್ದಲ್ಲಿ ಗೋದಾಮು ಎದ್ದಿತ್ತು. ಎದುರಿನ ಚಹಾದ ಅಂಗಡಿಯಲ್ಲಿ ಒಬ್ಬ ಮುದುಕ ಕೂತಿದ್ದ. ಇಲ್ಲಿ ಅಂಜೂರದ ತೋಟದ ಮಾವಶಿ ಇದ್ದಳಲ್ಲ, ಎಲ್ಲಿದ್ದಾಳೆ ಎಂದು ಕೇಳಿದೆ.

"ಯಾವ ಮಾವಶಿ? ಹೆಸರೇನು?" ಎಂದ.

ನನಗೆ ಗೊತ್ತಿರಲಿಲ್ಲ. ನಾವು ಮಾವಶಿ ಎನ್ನುತ್ತಿದ್ದೆವು, ಅಪ್ಪ ಬಾಯಿ ಎನ್ನುತ್ತಿದ್ದ. ಹೆಣ್ಣುಮಕ್ಕಳ ಹೆಸರು ಕೇಳುವ ರೂಢಿ ಆಗ ಇರಲಿಲ್ಲ.

"ಆಕೆ ನಿಮಗೆ ಏನಾಗಬೇಕು?" ಎಂದು ಮುದುಕ ಮತ್ತೆ ಕೇಳಿದ.

"ಆಯಿ," ಎಂದೆ. ತಾಯಿ.

ತಾಯಿಯ ಹೆಸರೇ ಗೊತ್ತಿಲ್ಲದವಳನ್ನು ಅವನು ವಿಚಿತ್ರವಾಗಿ ನೋಡಿದ. ನಾನು ಕೂಸನ್ನು ಎತ್ತಿಕೊಂಡು ಬಸ್ಸಿಗೆ ನಡೆದೆ.

ನಿಮ್ಮ ಕಾಲ ಬೇರೆ. ನಮ್ಮ ಒಂಬತ್ತನೇ ಮಹಡಿಗೆ ಬೆಳಿಗ್ಗೆ ನೀರು ತಾನಾಗಿ ಏರಿ ಬರುತ್ತದೆ, ಬಾರದ ದಿನ ಟ್ಯಾಂಕರು ಬರುತ್ತದೆ. ಆ ನೀರಿಗೆ ಒಂದು ಗುಡ್ಡವಿದೆ, ಒಂದು ಏರಿಯಿದೆ, ದಾರಿಯಲ್ಲಿ ಹೊಲಗಳಿದ್ದವು ಎಂದು ನಿಮಗೆ ಯಾರೂ ಹೇಳಿರಲಿಕ್ಕಿಲ್ಲ. ಅದು ನಿಮ್ಮ ತಪ್ಪಲ್ಲ. ಆದರೆ ನಮಗೆ ಬಾರದ ಒಂದು ಬುದ್ಧಿ ನಿಮಗಿದೆ. ಮೊನ್ನೆ ನಿಮ್ಮಲ್ಲಿ ಕಿರಿಯವಳು ಪಾತ್ರೆ ತೊಳೆಯಲು ಬರುವ ಬಾಯಿಯ ಪಕ್ಕ ನಿಂತು, "ಎಲ್ಲಾರೂ ನಿಮಗ ಬಾಯಿ ಅಂತಾರ, ನಿಮ್ಮ ಹೆಸರೇನ್ರಿ?" ಎಂದು ಕೇಳಿದಳು. ಆ ಹೆಂಗಸು ನಾಚಿಕೊಂಡು ಹೇಳಿದಳು. ಹುಡುಗಿ ಅದನ್ನು ತನ್ನ ನೋಟುಬುಕ್ಕಿನಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದುಕೊಂಡಳು. ನಾನು ಎದ್ದು ಹೋಗಿ ಬಾಲ್ಕನಿಯಲ್ಲಿ ದಕ್ಷಿಣದ ಗುಡ್ಡಗಳ ಕಡೆ ಮುಖ ಮಾಡಿ ನಿಂತೆ.